ಅಕ್ಕನ ಮಾತಿಗೆ ಹೂಂಗುಟ್ಟಿದವನು

ಆ ಕಚೇರಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಸಂಬಳ ಕೊಡುವ ಗುಮಾಸ್ತರೊಬ್ಬರೇ. ಉಳಿದವರಿಗೆಲ್ಲ ಅವನು ಜಿಪುಣ. ಎದುರಿಗೇ ಹಾಗೆ ಕರೆಯುತ್ತಿದ್ದರು, ಅವನೂ ಸಂತೋಷವಾಗಿ ಓಗೊಡುತ್ತಿದ್ದ. ಕೈ ಬಿಗಿಯ ಮನುಷ್ಯ ಎಂದುಕೊಳ್ಳಬೇಡಿ. ಹತ್ತು ಜನರಿಗೆ ಚಹಾ ಕೊಡಿಸುವುದರಲ್ಲಿ ಅವನದು ಎತ್ತಿದ ಕೈ. ಅವನ ಜಿಪುಣತನವೆಲ್ಲ ಹೆಬ್ಬೆರಳಿನ ಉಗುರಿನಷ್ಟಗಲದ ಒಂದು ಚಿಪ್‌ನ ಮೇಲೆ.

ಅವನ ಕೆಲಸ ಫೋನಿನ ದನಿಯನ್ನು ಹಿಂಡುವುದು. ನಾವು ಫೋನಿನಲ್ಲಿ ಮಾತಾಡಿದರೆ ಆ ದನಿಯನ್ನು ಸೆಕೆಂಡಿಗೆ ಎಂಟು ಸಾವಿರ ಸಲ ಅಳೆದು ಅಂಕಿಗಳನ್ನಾಗಿ ಮಾಡುತ್ತಾರೆ. ಅಷ್ಟೂ ಅಂಕಿಗಳನ್ನು ಹಾಗೇ ಕಳಿಸುತ್ತ ಕೂತರೆ ದಾರಿ ಕಟ್ಟಿಕೊಳ್ಳುತ್ತದೆ. ಅದಕ್ಕೇ ಸೆಕೆಂಡಿನ ನೂರನೇ ಒಂದು ಪಾಲನ್ನು ಒಂದು ತುಣುಕಾಗಿ ಹಿಡಿದು, ಬಟ್ಟೆ ಹಿಂಡಿದ ಹಾಗೆ ಹಿಂಡಿ, ಎಂಟರಲ್ಲಿ ಒಂದು ಪಾಲಿಗೆ ಇಳಿಸಿ, ಪೊಟ್ಟಣ ಕಟ್ಟಿ ಜಾಲಕ್ಕೆ ಬಿಡಬೇಕು. ಆ ಕಡೆಯ ಚಿಪ್ ಪೊಟ್ಟಣ ಬಿಚ್ಚಿ ಮತ್ತೆ ಮನುಷ್ಯನ ದನಿ ಮಾಡಬೇಕು. ಇಷ್ಟೂ ಆಗುವುದು ಮಾತಾಡುವವನಿಗೆ ಗೊತ್ತೇ ಆಗಬಾರದು. ಚಿಪ್‌ಗೆ ಸೆಕೆಂಡಿಗೆ ಇಷ್ಟು ಹೆಜ್ಜೆ ಅಂತ ಲೆಕ್ಕ ಇರುತ್ತದೆ. ಅದರೊಳಗೆ ಎಲ್ಲ ಮುಗಿಯಬೇಕು. ಎಲ್ಲಿ ಒಂದು ಗುಣಾಕಾರ ಉಳಿಸಬಹುದು, ಎಲ್ಲಿ ಪ್ರೋಗ್ರಾಮಿನ ಎರಡು ಸಾಲು ಕತ್ತರಿಸಬಹುದು ಅಂತ ಹಗಲಿಡೀ ಹುಡುಕುವುದೇ ಅವನ ಬದುಕಾಗಿತ್ತು. ಹಾಗೆ ಬಂತು ಜಿಪುಣ ಅನ್ನುವ ಹೆಸರು.

ಆ ಚಿಪ್‌ನಲ್ಲಿ ಏನೇ ಮಾಡಿದರೂ ಒಂದೇ ಹೊತ್ತಿಗೆ ಮೂರು ಫೋನು ಲೈನು ಮಾತ್ರ ಹಿಡಿಯುತ್ತಿತ್ತು. ಕಂಪನಿಯೋ ನಾಲ್ಕು ಲೈನು ಕೊಡುತ್ತೇವೆಂದು ಊರಿಗೆಲ್ಲ ಹೇಳಿಕೊಂಡು ಬಂದಿತ್ತು. ಎರಡು ತಿಂಗಳು ಇಡೀ ತಂಡ ತಲೆ ಕೆರೆದುಕೊಂಡಿತು. ಕೊನೆಗೆ ಜಿಪುಣನ ಕಣ್ಣು ಬಿದ್ದದ್ದು ಕಾವಲುಗಾರನ ಮೇಲೆ.

ಕಾವಲುಗಾರ ಅಂದರೆ ಇಷ್ಟೇ. ಇಬ್ಬರು ಮಾತಾಡುವಾಗ ಒಬ್ಬರು ಸುಮ್ಮನಿರುತ್ತಾರಲ್ಲ, ಆ ಸುಮ್ಮನಿರುವುದನ್ನೂ ಪೊಟ್ಟಣ ಕಟ್ಟಿ ಯಾಕೆ ಕಳಿಸಬೇಕು? ಪ್ರತಿ ತುಣುಕನ್ನೂ ಬಾಗಿಲಲ್ಲಿ ತಡೆದು, ಇದು ಮಾತೋ ಬರೀ ಕೋಣೆಯ ಸದ್ದೋ ಅಂತ ನೋಡಿ, ಮಾತಾದರೆ ಮಾತ್ರ ಒಳಗೆ ಬಿಡುವ ಚಿಕ್ಕದೊಂದು ಪ್ರೋಗ್ರಾಮಿಗೆ ಅವರು ಇಟ್ಟ ಹೆಸರು ಕಾವಲುಗಾರ. ಮಾತಲ್ಲ ಅಂತ ತೀರ್ಮಾನವಾದರೆ ಈ ಕಡೆಯಿಂದ ಹೆಚ್ಚೇನೂ ಹೋಗುವುದಿಲ್ಲ. ಆದರೆ ಆ ಕಡೆ ಪೂರ್ತಿ ನಿಶ್ಶಬ್ದವಾದರೆ ಕೇಳುವವನು ಲೈನು ಕಟ್ಟಾಯಿತೆಂದು ಗಾಬರಿಯಾಗುತ್ತಾನೆ. ಅದಕ್ಕೆ ಆ ಕಡೆಯ ಚಿಪ್ ತಾನೇ ಒಂದು ಸಣ್ಣ ಸುಂಯ್‌ಗುಟ್ಟುವ ಸದ್ದು ಹುಟ್ಟಿಸಿ ಕೇಳಿಸುತ್ತದೆ. ಮಾತಾಡುವವನ ಕೋಣೆಯ ಸದ್ದು ಎಷ್ಟು ಜೋರು, ಎಂಥದ್ದು ಅನ್ನುವ ಒಂದು ಚೀಟಿ ಮಾತ್ರ ಆಗಾಗ ಹೋಗುತ್ತಿರುತ್ತದೆ, ಅದನ್ನು ನೋಡಿಕೊಂಡು ಅದೇ ಥರದ ಸದ್ದು. ಅದಕ್ಕೆ ಸಮಾಧಾನದ ಸದ್ದು ಅನ್ನುತ್ತಿದ್ದರು.

ಕಾವಲುಗಾರ ಪ್ರತಿ ತುಣುಕಿಗೂ ನಾಲ್ಕು ಪ್ರಶ್ನೆ ಕೇಳುತ್ತಿದ್ದ. ಜಿಪುಣ ಎರಡನ್ನು ತೆಗೆದುಹಾಕಿದ. ಕಚೇರಿಯವರದೇ ಅರವತ್ತು ಜನರ ದನಿಯನ್ನು ರೆಕಾರ್ಡ್ ಮಾಡಿ ಹಾಕಿ ನೋಡಿದ. ಒಬ್ಬರದೂ ಒಂದಕ್ಷರ ಕಟ್ಟಾಗಲಿಲ್ಲ. ಉಳಿದ ಹೆಜ್ಜೆಗಳಲ್ಲಿ ನಾಲ್ಕನೇ ಲೈನು ಸಲೀಸಾಗಿ ಕೂತಿತು. ತಂಡದ ಮುಖ್ಯಸ್ಥೆ ಎಲ್ಲರೆದುರು ಅವನ ಬೆನ್ನು ತಟ್ಟಿ, "ನೋಡ್ರಪ್ಪ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದಿದ್ದಾನೆ," ಅಂದಳು. ಆ ಅರವತ್ತು ಜನರೂ ಗಂಟಲು ಗಟ್ಟಿಯಿದ್ದವರು, ಬೆಳಿಗ್ಗೆ ಹಲ್ಲುಜ್ಜಿ ಆರೋಗ್ಯವಾಗಿ ಕೆಲಸಕ್ಕೆ ಬಂದವರು ಅನ್ನುವುದು ಯಾರಿಗೂ ಹೊಳೆಯಲಿಲ್ಲ. ಅವನಿಗಂತೂ ಹೊಳೆಯಲೇ ಇಲ್ಲ.

ಇನ್ನು ಅಕ್ಕ. ಅವನಿಗಿಂತ ಹದಿಮೂರು ವರ್ಷ ದೊಡ್ಡವಳು. ಅಮ್ಮ ಹೋದಾಗ ಇವನಿನ್ನೂ ಚಡ್ಡಿ ಹಾಕಲು ಬಾರದ ಹುಡುಗ. ಸ್ನಾನ ಮಾಡಿಸಿದ್ದು, ಗದರಿದ್ದು, ಓದಿಸಿದ್ದು ಎಲ್ಲ ಅವಳೇ. ಮದುವೆ ಅಂದವರಿಗೆ, "ಇವನೊಬ್ಬನನ್ನ ದಡ ಹತ್ತಿಸ್ತೀನಿ, ಆಮೇಲೆ ನೋಡೋಣ," ಅನ್ನುತ್ತಿದ್ದಳು. ಇವನು ದಡ ಹತ್ತುವ ಹೊತ್ತಿಗೆ ಕೇಳುವವರು ಕೇಳುವುದನ್ನು ಬಿಟ್ಟಿದ್ದರು. ಒಂದು ಹಗಲು ಪೂರ್ತಿ ಬಸ್ಸಿನಲ್ಲಿ ಕೂತರೆ ತಲುಪುವಷ್ಟು ದೂರದ ಊರಿನ ಬಸ್ ನಿಲ್ದಾಣದಲ್ಲಿ ಅವಳಿಗೆ ಮೈಕಿನ ಕೆಲಸ. ಎಷ್ಟನೇ ಅಂಕಣದಲ್ಲಿ ಯಾವ ಬಸ್ಸು, ಎಷ್ಟು ಗಂಟೆಗೆ ಹೊರಡುತ್ತದೆ ಅಂತ ಹೇಳುವ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದವಳು. ತರಕಾರಿ ಕೊಳ್ಳಲು ನಿಂತು, "ಎಷ್ಟಪ್ಪ?" ಅಂದರೆ ಸಾಕು, ಅಂಗಡಿಯವನು ತಲೆಯೆತ್ತಿ, "ಓ, ಬಸ್ಸಿನ ಅಮ್ಮ!" ಅನ್ನುತ್ತಿದ್ದ. ಅವಳಿಗೆ ಅದರ ಬಗ್ಗೆ ಹೆಮ್ಮೆ ಇತ್ತು, ಮುಚ್ಚಿಟ್ಟುಕೊಳ್ಳುತ್ತಲೂ ಇರಲಿಲ್ಲ.

ಆ ಎರಡು ಊರುಗಳ ನಡುವಿನ ಫೋನು ದಾರಿಗೆ ಇವನ ಚಿಪ್ ಇದ್ದ ಪೆಟ್ಟಿಗೆಗಳನ್ನು ಹಾಕಿದ ದಿನ ಜಿಪುಣ ಅಕ್ಕನಿಗೆ ಫೋನು ಮಾಡಿ, "ಇನ್ಮೇಲೆ ನಿನ್ನ ಮಾತು ನನ್ನ ಕೈಯಿಂದಾನೇ ಹಾದು ಬರೋದು ಕಣೇ," ಅಂದ. ಅವಳು ನಕ್ಕು ಮೈಕಿನ ದನಿಯಲ್ಲಿ, "ಪ್ರಯಾಣಿಕರ ಗಮನಕ್ಕೆ, ನನ್ನ ತಮ್ಮ ಈಗ ದೊಡ್ಡ ಮನುಷ್ಯ," ಅಂದಿದ್ದಳು. ಅದು ಅವಳ ದನಿಯನ್ನು ಅವನು ಫೋನಿನಲ್ಲಿ ಸರಿಯಾಗಿ ಕೇಳಿದ ಕೊನೆಯ ತಿಂಗಳು.

ಅವಳ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ತೆಗೆದರು. ಗಂಟಿನಿಂದ ಅಪಾಯವೇನೂ ಇರಲಿಲ್ಲ, ಆದರೆ ತೆಗೆಯುವಾಗ ದನಿಯ ನರಕ್ಕೆ ಪೆಟ್ಟಾಯಿತು. ಜಿಪುಣ ನಾಲ್ಕು ದಿನ ರಜೆ ಹಾಕಿ ಆಸ್ಪತ್ರೆಯಲ್ಲಿ ಅವಳ ಪಕ್ಕದಲ್ಲಿ ಕೂತಿದ್ದ. ಎಚ್ಚರವಾದ ಮೇಲೆ ಅವಳು ಬಾಯಿ ತೆರೆದರೆ ಬಂದದ್ದು ಬರೀ ಗಾಳಿ. ಗಾಳಿಯಲ್ಲೇ ಮಾತಿತ್ತು, ಹತ್ತಿರ ಕೂತು ಕಿವಿಗೊಟ್ಟರೆ ಪ್ರತಿಯೊಂದೂ ತಿಳಿಯುತ್ತಿತ್ತು. ದನಿ ಮಾತ್ರ ಇರಲಿಲ್ಲ. "ಸ್ವಲ್ಪ ದಿನ ನೋಡೋಣ, ತಾನಾಗೇ ಬರಬಹುದು," ಅಂದರು ಡಾಕ್ಟರು. ನಿಲ್ದಾಣದವರು ಅವಳನ್ನು ಮೈಕಿನಿಂದ ತೆಗೆದು, ಪ್ರಯಾಣಿಕರು ಬಿಟ್ಟುಹೋದ ಸಾಮಾನುಗಳ ಕೌಂಟರಿಗೆ ಹಾಕಿದರು. ಕೊಡೆ, ಚೀಲ, ಮಕ್ಕಳ ಚಪ್ಪಲಿಗಳ ನಡುವೆ.

ಜಿಪುಣ ಮನೆಗೆ ವಾಪಸು ಬಂದ ಮೂರನೇ ದಿನ ಸಂಜೆ ಏಳಕ್ಕೆ ಫೋನು ಬಂತು. ಎತ್ತಿದರೆ, "ಪು" ಅಂತ ಒಂದು ಸಣ್ಣ ಸಿಡಿತ, ಆಮೇಲೆ ಸುಂಯ್. ಅವಳು ಅವನನ್ನು ಕರೆಯುವುದು ಪುಟ್ಟಾ ಅಂತ.

"ಅಕ್ಕಾ? ಏನೂ ಕೇಳ್ತಿಲ್ಲ ಕಣೇ. ಸ್ವಲ್ಪ ಜೋರಾಗಿ ಮಾತಾಡು."

ಸುಂಯ್.

"ಅಕ್ಕಾ, ಜೋರಾಗಿ! ಕೇಳ್ತಿಲ್ಲ!"

ಆಗ ಅವಳು ಅತ್ತಿರಬೇಕು. ಅಳುವಿನ ರಭಸಕ್ಕೆ ಒಂದೇ ಒಂದು ವಾಕ್ಯ ಕಾವಲುಗಾರನನ್ನು ತಳ್ಳಿಕೊಂಡು ಬಂತು: "ಎಲ್ರೂ ಅದನ್ನೇ ಅಂತಾರೆ, ನೀನೂ ಅದನ್ನೇ ಅಂತೀಯಲ್ಲೋ." ಫೋನು ಇಟ್ಟುಬಿಟ್ಟಳು.

ಏನಾಗಿದೆ ಅಂತ ಯಾರೂ ಅವನಿಗೆ ಹೇಳಿಕೊಡಬೇಕಿರಲಿಲ್ಲ. ಗಾಳಿ ಬೆರೆತ, ಮೆಲ್ಲಗಿನ, ನಾದವಿಲ್ಲದ ದನಿ. ಅವನು ಉಳಿಸಿದ್ದ ಎರಡು ಪ್ರಶ್ನೆಗೆ ಅದು ಕೋಣೆಯ ಸದ್ದು. ತೆಗೆದ ಎರಡರಲ್ಲಿ ಒಂದು ಇದ್ದಿದ್ದರೆ ಹಿಡಿದುಕೊಳ್ಳುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಕಾವಲುಗಾರ ಕೋಣೆಯ ಸದ್ದನ್ನು ಹೋಗುತ್ತ ಹೋಗುತ್ತ ಕಲಿಯುತ್ತಾನೆ. ಅವಳು ಮಾತಾಡಿದಷ್ಟೂ ಅವನಿಗೆ ಇದೇ ಆ ಕೋಣೆಯ ಸದ್ದೆಂದು ಗಟ್ಟಿಯಾಗುತ್ತದೆ. ತಮ್ಮನ ಕಿವಿಗೆ ಬೀಳುವ ಆ ಸುಂಯ್ ಬೇರೇನಲ್ಲ, ಅಕ್ಕನ ಉಸಿರನ್ನೇ ಅಳೆದು, ಮಾತನ್ನು ತೆಗೆದು ಮಾಡಿದ್ದು.

ಮಾರನೆಯ ದಿನ ಮುಖ್ಯಸ್ಥೆಯ ಕೋಣೆಗೆ ಹೋಗಿ ನಿಂತ. ಅವಳು ಒಳ್ಳೆಯವಳೇ. ಕೂರಿಸಿ, ಪೂರ್ತಿ ಕೇಳಿದಳು. ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಚಿಪ್ ಆಗಲೇ ಅಚ್ಚಾಗಿ ಬಂದಿದೆಯಲ್ಲಪ್ಪ. ಎಂಬತ್ತು ಸಾವಿರ. ಅಳಿಸಿ ಬರೆಯೋಕೆ ಆಗದೇ ಇರೋ ಮೆಮೊರಿ ಅದು, ನಿಂಗೇ ಗೊತ್ತು."

"ಮುಂದಿನ ಸಲ?"

"ಮುಂದಿನ ಸಲ ಖಂಡಿತ ಹಾಕೋಣ. ಆದ್ರೆ ಅದು ಬರೋಕೆ ಎರಡು ವರ್ಷ. ಅಲ್ಲಿವರೆಗೆ ಪೆಟ್ಟಿಗೇಲಿ ಕಾವಲುಗಾರನ್ನ ಪೂರ್ತಿ ಆಫ್ ಮಾಡಬಹುದು. ಅದು ಸರಕಾರಿ ಫೋನ್ ಕಂಪನಿಯವರ ಕೈಲಿದೆ, ನಮ್ಮ ಕೈಲಿಲ್ಲ."

ಅವನು ಎದ್ದು ನಿಂತ. ಎರಡು ಪ್ರಶ್ನೆ ತೆಗೆದದ್ದು ಯಾರು ಅಂತ ಅವಳು ಕೇಳಲಿಲ್ಲ. ಅವಳು ಕೇಳಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಸುಮ್ಮನೆ ಕೂರುವ ಜಾತಿಯಲ್ಲ ಅವನು. ಒಂದು ಫೋನು ಕೊಂಡು ತಂದು, ಹೊಟ್ಟೆ ಬಿಚ್ಚಿ, ಮೈಕಿನ ಹಿಂದೆ ದನಿ ಜೋರು ಮಾಡುವ ಒಂದು ಸಣ್ಣ ಸರ್ಕ್ಯೂಟು ಕೂರಿಸಿದ. ಎರಡು ಭಾನುವಾರ ಹಿಡಿಯಿತು. "ನಿನ್ನ ಗಂಟಲಿಗೆ ಶ್ರಮ ಆಗಬಾರದು ಅಂತ ಮಾಡಿದೀನಿ, ಇದರಲ್ಲೇ ಮಾತಾಡು," ಅಂತ ಚೀಟಿ ಬರೆದು ಪಾರ್ಸೆಲ್ ಮಾಡಿದ. ಅದು ತಲುಪಿದ ದಿನ ಏಳು ಗಂಟೆಗೆ ಫೋನಿನ ಪಕ್ಕದಲ್ಲೇ ಕೂತಿದ್ದ. ಹೆಂಡತಿ ಮಿಕ್ಸಿ ಹಾಕಲು ಹೋದರೆ ಕೈಸನ್ನೆ ಮಾಡಿ ತಡೆದ.

"ಪುಟ್ಟಾ, ನಾನು ಕಣೋ, ಈಗ ಕೇಳ್ಸುತ್ತಾ?"

ಗಾಳಿಯ ದನಿಯೇ, ಆದರೆ ಪೂರ್ತಿ ಬಂತು. ಒಂದಕ್ಷರ ಬಿಡದೆ ಬಂತು.

"ಕೇಳ್ತು ಅಕ್ಕಾ! ಚೆನ್ನಾಗಿ ಕೇಳ್ತು!" ಅಂತ ಕೂಗಿದ. ಕೂಗಿದ ರಭಸಕ್ಕೆ ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು.

ಐದು ಸೆಕೆಂಡು. ಅಷ್ಟರಲ್ಲಿ ಕಾವಲುಗಾರ ಕಲಿತುಬಿಟ್ಟ. ಈ ಕೋಣೆಯಲ್ಲಿ ಸದ್ದು ಸ್ವಲ್ಪ ಜೋರು, ಅಷ್ಟೇ ತಾನೆ ಅಂದುಕೊಂಡ. ಮತ್ತೆ ಸುಂಯ್, ಮೊದಲಿಗಿಂತ ದೊಡ್ಡದಾಗಿ. ಆ ಸುಂಯ್‌ನ ಆಚೆ ಅಕ್ಕ ಏನೇನೋ ಹೇಳುತ್ತಿದ್ದಾಳೆ, ಬಹುಶಃ ನಗುತ್ತಿದ್ದಾಳೆ, ಒಂದು ತಿಂಗಳಿಂದ ಕಟ್ಟಿಕೊಂಡಿದ್ದನ್ನೆಲ್ಲ ಬಿಚ್ಚುತ್ತಿದ್ದಾಳೆ ಅಂತ ಅವನಿಗೆ ಗೊತ್ತಿತ್ತು. ಕೇಳುತ್ತಿಲ್ಲ ಅಂತ ಆಗಲೇ ಹೇಳಿಬಿಡಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ನೀನೂ ಅದನ್ನೇ ಅಂತೀಯಲ್ಲೋ ಅಂದದ್ದು ನೆನಪಾಯಿತು, ನಾಲಿಗೆ ಹಿಂದಕ್ಕೆ ಸರಿಯಿತು.

"ಹೂಂ," ಅಂದ.

ಫೋನ್ ಕಂಪನಿಯವರು ಕಾವಲುಗಾರನನ್ನು ಆಫ್ ಮಾಡಿದರೆ ಎಲ್ಲ ಸರಿಹೋಗುತ್ತದೆ, ಹೆಚ್ಚೆಂದರೆ ಹದಿನೈದು ದಿನ, ಅಲ್ಲಿವರೆಗೆ ಅವಳ ಮನಸ್ಸು ಯಾಕೆ ಮುರಿಯಬೇಕು ಅಂತ ಅವನ ಲೆಕ್ಕ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಹದಿನೈದು ದಿನದ ಲೆಕ್ಕ ಹಾಕುವವರು ಯಾವತ್ತೂ ಸರಕಾರಿ ಮೇಜಿನ ಮುಂದೆ ಕೂತು ನೋಡದವರು.

ದಿನಾ ಏಳಕ್ಕೆ ಫೋನು ಬರುತ್ತಿತ್ತು. "ಪುಟ್ಟಾ, ನಾನು ಕಣೋ," ಅನ್ನುವುದು ಕೇಳುತ್ತಿತ್ತು, ಆಮೇಲೆ ಇಪ್ಪತ್ತು ನಿಮಿಷ, ಅರ್ಧ ಗಂಟೆ ಸುಂಯ್. ಅವನು ನಡುನಡುವೆ ಹೂಂಗುಟ್ಟುತ್ತಿದ್ದ. ಬೇಗನೆ ಅದರಲ್ಲೂ ಪಳಗಿದ. ಒಂದೇ ಥರದ ಹೂಂ ಆದರೆ ಅನುಮಾನ ಬರುತ್ತದೆಂದು ಒಮ್ಮೆ ಉದ್ದದ ಹೂಂ, ಒಮ್ಮೆ ಹೌದಾ, ಒಮ್ಮೆ ಅಯ್ಯೋ ಬಿಡು. ಎಲ್ಲೋ ಒಂದು ಕೆಮ್ಮು, ಒಂದು ತಕಾರ, ಒಂದು ನಗುವಿನ ಚೂರು ಬರುತ್ತಿತ್ತು. ಅದನ್ನು ಹಿಡಿದುಕೊಂಡು ಊಹಿಸುತ್ತಿದ್ದ. ಫೋನಿಟ್ಟ ಮೇಲೆ ಹೆಂಡತಿ ಕೇಳುತ್ತಿದ್ದಳು.

"ಏನಂದ್ರು ಅತ್ತಿಗೆ?"

"ಚೆನ್ನಾಗಿದಾಳಂತೆ."

"ಅರ್ಧ ಗಂಟೆಗೆ ಅಷ್ಟೇನಾ?"

"ಕೌಂಟರಲ್ಲಿ ಕೆಲಸ ಜಾಸ್ತಿಯಂತೆ."

"ರೀ, ನಿಜ ಹೇಳ್ಬಿಡಿ ಅವ್ರಿಗೆ. ನಂಗೆ ನೋಡೋಕಾಗ್ತಿಲ್ಲ."

"ಹೇಳ್ತೀನಿ. ಇನ್ನೊಂದು ವಾರ. ಅರ್ಜಿ ಒಳಗೆ ಹೋಗಿದೆ."

ಅರ್ಜಿ ಒಳಗೆ ಹೋಗಿತ್ತು, ನಿಜ. ಹೊರಗೆ ಬರಲಿಲ್ಲ. ಫೋನ್ ಕಂಪನಿಯ ಕಟ್ಟಡದಲ್ಲಿ ಮೂರನೇ ಮಹಡಿಯ ಅಧಿಕಾರಿ ಅವನನ್ನು ಎರಡನೇ ಮಹಡಿಗೆ ಕಳಿಸಿದ, ಎರಡನೇ ಮಹಡಿಯವನು ಊಟಕ್ಕೆ ಹೋಗಿದ್ದ. ಊಟ ಮುಗಿಸಿ ಬಂದವನು ಕಾಗದ ಓದಿ, "ಆಫ್ ಮಾಡಿದ್ರೆ ಆ ದಾರಿ ಮೇಲೆ ಎರಡರಷ್ಟು ಭಾರ ಬೀಳುತ್ತೆ ಸಾರ್, ಊರಿಗೆ ಊರೇ ಬೈಯುತ್ತೆ," ಅಂದ. ದನಿಯನ್ನು ಹಿಂಡದೆ ಒಯ್ಯುತ್ತಿದ್ದ ಹಳೆಯ ತಾಮ್ರದ ದಾರಿಗೆ ಅವಳೊಬ್ಬಳ ನಂಬರು ಹಾಕಿಕೊಡಿ ಅಂದರೆ ಅದನ್ನು ಕಿತ್ತುಹಾಕಿ ಎರಡು ತಿಂಗಳಾಗಿತ್ತು. ಕೊನೆಗೆ ಇವನ ಕಾಟ ತಾಳಲಾರದೆ ಲೈನು ಪರೀಕ್ಷೆ ಮಾಡಿಸುತ್ತೇವೆ ಅಂದರು. ಮಾಡಿಸಿದರು. ಗಟ್ಟಿ ಗಂಟಲಿನ ಯಾರೋ ಹೇಳಿದ ಹತ್ತು ವಾಕ್ಯಗಳ ಟೇಪನ್ನು ಆ ಕಡೆಯಿಂದ ಹಾಕಿ ಈ ಕಡೆ ಕೇಳಿ, ಐದಕ್ಕೆ ನಾಲ್ಕು ಅಂಕ ಕೊಟ್ಟು, ದನಿಯ ಗುಣಮಟ್ಟ ಉತ್ತಮ ಅಂತ ಷರಾ ಬರೆದು ಅವನ ಮನೆಗೇ ಕಾಗದ ಕಳಿಸಿದರು. ಆ ಪರೀಕ್ಷೆಯ ವಿಧಾನ ಜಿಪುಣನ ಕಚೇರಿಯದೇ. ಅಧಿಕಾರಿ ಕಡೆಯ ಸಲ ಸಿಕ್ಕಾಗ ಮರುಕದಿಂದಲೇ ಹೇಳಿದ: "ನಿಮ್ಮಕ್ಕನಿಗೆ ಸ್ವಲ್ಪ ಜೋರಾಗಿ ಮಾತಾಡೋಕೆ ಹೇಳಿ ಸಾರ್, ಎಲ್ಲ ಸರಿಹೋಗುತ್ತೆ."

ಈ ನಡುವೆ ಒಂದು ದಿನ ಮನೆಯ ಮುಂದೆ ಲಾರಿ ನಿಂತಿತು. ಇಬ್ಬರು ಆಳುಗಳು ಒಂದು ಭಾರಿ ಮರದ ಬೀರುವನ್ನು ಇಳಿಸಿ ಬಾಗಿಲಲ್ಲಿ ನಿಲ್ಲಿಸಿ ರಸೀದಿಗೆ ಸಹಿ ಕೇಳಿದರು. ಅಮ್ಮನ ಬೀರು. ಅಕ್ಕನ ಮನೆಯಲ್ಲಿತ್ತು. ಬಾಗಿಲಿನಿಂದ ಒಳಗೆ ಹೋಗದೆ ಒಂದು ಕಾಲು ಕಳಚಿ, ಓರೆ ಮಾಡಿ, ಗೋಡೆಯ ಸುಣ್ಣ ಕೆರೆದುಕೊಂಡು ಒಳಗೆ ಬಂತು. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಯಾರ್ರೀ ಕೇಳಿದ್ರು ಇದನ್ನ?"

ಜಿಪುಣನಿಗೆ ಅರ್ಥವಾಯಿತು. ಯಾವುದೋ ಒಂದು ಸಂಜೆ ಅಕ್ಕ, ಬೀರು ಕಳಿಸಲಾ ಅಂದಿದ್ದಾಳೆ, ಇವನು ಹೂಂ ಅಂದಿದ್ದಾನೆ. ಇಬ್ಬರೂ ನಕ್ಕರು. ಹೆಂಡತಿ ನಗುತ್ತಲೇ, "ಬೀರುವಾದ್ರೆ ಪರವಾಗಿಲ್ಲ, ಇನ್ನೇನಕ್ಕೆಲ್ಲ ಹೂಂ ಅಂದಿದೀರೋ," ಅಂದಳು. ಆ ರಾತ್ರಿ ಕಾಗದ ಬರೆದು ಎಲ್ಲ ಹೇಳಿಬಿಡಬೇಕೆಂದು ಕೂತ. ಪ್ರಿಯ ಅಕ್ಕನಿಗೆ ಅಂತ ಬರೆದ. ಮೂರು ತಿಂಗಳಿಂದ ನೀನು ಹೇಳಿದ್ದು ಒಂದೂ ನನಗೆ ಕೇಳಿಲ್ಲ ಅನ್ನುವುದನ್ನು ಯಾವ ಮಾತಿನಲ್ಲಿ ಬರೆಯುವುದು? ಹಾಳೆ ಮಡಚಿ ಡ್ರಾಯರಿಗೆ ಹಾಕಿದ. ದಿನ ಕಳೆದಷ್ಟೂ ಹೇಳುವುದು ಕಷ್ಟವಾಗುತ್ತ ಹೋಯಿತು. ಮೊದಲ ದಿನವಾಗಿದ್ದರೆ ಅದು ಲೈನಿನ ತಪ್ಪು, ನೂರನೇ ದಿನ ಅದು ಅವನ ತಪ್ಪು.

ಹೋಗಿ ನೋಡಿಕೊಂಡಾದರೂ ಬರಬಹುದಿತ್ತಲ್ಲ ಅಂತ ನೀವು ಕೇಳಬಹುದು. ಅವನಿಗೆ ಅವಳ ಎದುರು ಕೂರಲು ಹೆದರಿಕೆಯಾಗಿತ್ತು. ನಾನು ಅವತ್ತು ಹೇಳಿದೆನಲ್ಲ ಅಂತ ಅವಳು ಶುರು ಮಾಡಿದರೆ ಯಾವ ಮುಖದಿಂದ ಉತ್ತರ ಕೊಡುವುದು? ಕೆಲಸದ ನೆಪ ಸಿಕ್ಕಿತು, ಹಿಡಿದುಕೊಂಡ.

ಏಳನೇ ತಿಂಗಳಲ್ಲಿ ಅಕ್ಕ ತಾನೇ ಬಂದಳು. ಮುಂಚೆ ಫೋನಿನಲ್ಲಿ ಹೇಳಿದ್ದಳಂತೆ, ಇವನು ಹೂಂ ಅಂದಿದ್ದನಂತೆ. ಶನಿವಾರ ಸಂಜೆ ಬಾಗಿಲು ತೆಗೆದರೆ ಕೈಯಲ್ಲಿ ಚೀಲ ಹಿಡಿದು ನಿಂತಿದ್ದಳು. "ಬಸ್‌ಸ್ಟ್ಯಾಂಡಿಗೆ ಬರ್ತೀಯ ಅಂದ್ಕೊಂಡಿದ್ದೆ," ಅಂದಳು ಗಾಳಿಯಲ್ಲಿ. ಸಿಟ್ಟೇನೂ ಇರಲಿಲ್ಲ. ಮೈ ಸ್ವಲ್ಪ ಇಳಿದಿತ್ತು, ಕುತ್ತಿಗೆಯ ಗಾಯ ಬೆಳ್ಳಗಾಗಿತ್ತು, ಮುಖ ಮಾತ್ರ ಗೆಲುವಾಗಿತ್ತು.

ಊಟವಾಯಿತು. ಅವಳ ಮಾತು ಕೇಳಲೆಂದು ಹೆಂಡತಿ ಫ್ಯಾನು ಆರಿಸಿದಳು, ಕಿಟಕಿ ಮುಚ್ಚಿದಳು. ಮೂವರೂ ಮೇಜಿನ ಸುತ್ತ ಹತ್ತಿರ ಹತ್ತಿರ ಕೂತರು.

"ನಿನ್ನ ಬೀರು ಚೆನ್ನಾಗಿ ಕೂತಿದೆ," ಅಂದಳು ಅಕ್ಕ. ಆಮೇಲೆ ತಮ್ಮನ ಕೈ ಮೇಲೆ ಕೈಯಿಟ್ಟಳು. "ಪುಟ್ಟಾ, ಒಂದು ಮಾತು ಎದುರಿಗೇ ಹೇಳ್ಬೇಕು ಅಂತ ಬಂದೆ. ಫೋನಲ್ಲಿ ಹೇಳಿದ್ರೆ ನಂಗೆ ಅಳು ಬಂದ್ಬಿಡುತ್ತೆ."

"ಹೇಳಕ್ಕ."

"ನನ್ನ ಮಾತು ಯಾರಿಗೂ ಬೇಡ ಕಣೋ. ಅಂಗಡಿಯವನಿಗೆ ಬೇಡ, ಕೌಂಟರಿಗೆ ಬಂದವರಿಗೆ ಬೇಡ. ಹಾಂ, ಹಾಂ, ಜೋರಾಗಿ ಹೇಳಿ ಅಂತಾರೆ, ಆಮೇಲೆ ಮುಖ ತಿರುಗಿಸ್ತಾರೆ. ಆ ಮೊದಲ ದಿನ ಬಿಟ್ರೆ ಒಂದು ದಿನಾನೂ ಏನು ಅಂತ ತಿರುಗಿ ಕೇಳದೇ ಇರೋನು ನೀನೊಬ್ಬನೇ. ನಾನು ಹೇಳಿ ಮುಗಿಸೋವರೆಗೂ ಕೇಳ್ತೀಯ. ಏಳು ಗಂಟೆ ಆಗ್ಲಿ ಅಂತಾನೇ ದಿನ ತಳ್ತೀನಿ ನಾನು."

ಹೆಂಡತಿ ಎದ್ದು ತಟ್ಟೆ ತೆಗೆಯಲು ಹೋದಳು. ಹೋದವಳು ಅರ್ಧದಲ್ಲೇ ನಿಂತಳು.

"ಅದಕ್ಕೇ ಆ ಆಪರೇಷನ್ನೂ ಬಿಟ್ಟಿದ್ದು," ಅಂದಳು ಅಕ್ಕ.

"ಯಾವ ಆಪರೇಷನ್ನು?"

ಅವಳು ನಕ್ಕಳು. "ಮರೆತೇಬಿಟ್ಯಾ? ಅವತ್ತು ಅರ್ಧ ಗಂಟೆ ಮಾತಾಡಿದ್ವಲ್ಲೋ. ಡಾಕ್ಟರು ಹೇಳಿದ್ರಲ್ಲ, ಕುತ್ತಿಗೇಲಿರೋ ಇನ್ನೊಂದು ನರ ತಂದು ಜೋಡಿಸ್ತೀವಿ, ದನಿ ಬಂದ್ರೂ ಬರಬಹುದು, ಆರು ತಿಂಗಳೊಳಗೆ ಆಗ್ಬೇಕು, ಆಮೇಲೆ ಅಲ್ಲಿನ ಸ್ನಾಯು ಸೊರಗಿಹೋಗುತ್ತೆ, ಏನು ಮಾಡಿದ್ರೂ ಪ್ರಯೋಜನ ಇಲ್ಲ ಅಂತ. ನಂಗೆ ಭಯ. ಮತ್ತೆ ಕುತ್ತಿಗೆ ಕುಯ್ತಾರಲ್ಲ. ನಿನ್ನನ್ನೇ ಕೇಳ್ದೆ. ಮಾಡಿಸ್ಲೇಬೇಕು ಅಂತ ನೀನು ಅಂದಿದ್ರೆ ಕಣ್ಮುಚ್ಚಿ ಮಾಡಿಸ್ಕೋತಿದ್ದೆ. ನಿಂಗೆ ಇಷ್ಟು ಕೇಳ್ಸುತ್ತಲ್ಲ, ಇಷ್ಟೇ ಸಾಕಲ್ವಾ, ಬಿಟ್ಬಿಡ್ಲಾ ಅಂದೆ. ನೀನು ಎಷ್ಟೋ ಹೊತ್ತು ಯೋಚ್ನೆ ಮಾಡಿ ಹೂಂ ಅಂದೆ."

ಅವನಿಗೆ ಆ ಸಂಜೆ ಯಾವುದೆಂದು ನೆನಪಾಗಲಿಲ್ಲ. ಎಲ್ಲ ಸಂಜೆಗಳೂ ಒಂದೇ ಥರ ಇದ್ದವು. ಫೋನ್ ಕಂಪನಿಯ ಕಾಗದ ಓದುತ್ತಿದ್ದ ಸಂಜೆ ಇರಬಹುದು. ಉಗುರು ತೆಗೆಯುತ್ತಿದ್ದ ಸಂಜೆಯೂ ಇರಬಹುದು.

"ಆರು ತಿಂಗಳು ಯಾವತ್ತಿಗೆ ಆಯ್ತಕ್ಕ?"

"ಹೋದ ತಿಂಗಳು ಹದಿನೇಳಕ್ಕೆ. ಅವತ್ತು ಡಾಕ್ಟರ ಹತ್ರ ಹೋಗಿ ಬಂದೆ. ಇನ್ನು ಮುಗೀತಮ್ಮ ಅಂದ್ರು. ನಾನು ಅಳ್ಲಿಲ್ಲ ಕಣೋ. ನನ್ನ ತಮ್ಮನ್ನ ಕೇಳಿನೇ ಬಿಟ್ಟಿದ್ದು ಅಂದೆ."

ಅವನು ಹೆಂಡತಿಯ ಕಡೆ ನೋಡಿದ. ಅವಳು ಕೈಯಲ್ಲಿ ತಟ್ಟೆ ಹಿಡಿದುಕೊಂಡೇ ಕಣ್ಣೊರೆಸಿಕೊಳ್ಳುತ್ತಿದ್ದಳು. ಈಗಲೂ ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಅಕ್ಕ ನಾಳೆ ನಗುತ್ತ ಬಸ್ಸು ಹತ್ತುತ್ತಾಳೆ, ಮತ್ತೆ ಏಳು ಗಂಟೆಗೆ ಫೋನು ಮಾಡುತ್ತಾಳೆ, ಅವನು ಮತ್ತೆ ಹೂಂಗುಟ್ಟಬೇಕು, ಅವಳು ಇರುವವರೆಗೂ. ಅದು ಅವನಿಂದ ಆಗುವ ಕೆಲಸವಾಗಿರಲಿಲ್ಲ.

ಹೇಳಿದ. ಚಿಪ್‌ನಿಂದ ಶುರು ಮಾಡಿ ಹೇಳಿದ. ನಾಲ್ಕು ಪ್ರಶ್ನೆ, ಅದರಲ್ಲಿ ತಾನು ತೆಗೆದ ಎರಡು, ಕೂತ ನಾಲ್ಕನೇ ಲೈನು, ಬೆನ್ನು ತಟ್ಟಿದ ಮುಖ್ಯಸ್ಥೆ, ಎರಡನೇ ಮಹಡಿ, ಮೂರನೇ ಮಹಡಿ, ಐದಕ್ಕೆ ನಾಲ್ಕು ಅಂಕ. ಅಕ್ಕ ಒಂದು ಸಲವೂ ಏನು ಅಂತ ಕೇಳಲಿಲ್ಲ. ಅವನ ಬಾಯನ್ನೇ ನೋಡುತ್ತ ಕೂತಿದ್ದಳು.

"ಯಾವತ್ತಿಂದ ಕೇಳ್ತಿಲ್ಲ?"

"ಮೊದಲ ದಿನದಿಂದ."

"ನೀನು ಮಾಡಿ ಕಳಿಸಿದ ಫೋನು?"

"ಅದರಲ್ಲಿ ಐದು ಸೆಕೆಂಡು ಕೇಳುತ್ತೆ. ಪುಟ್ಟಾ ನಾನು ಕಣೋ ಅನ್ನೋದು ಕೇಳುತ್ತೆ."

"ಅಷ್ಟೇ?"

"ಅಷ್ಟೇ ಅಕ್ಕಾ."

ಅವಳು ಅವನ ಕೈ ಮೇಲಿದ್ದ ತನ್ನ ಕೈಯನ್ನು ಮೆಲ್ಲಗೆ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು. ಬೈದಿದ್ದರೆ, ಎದ್ದು ಎರಡು ಬಾರಿಸಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ಮೇಜಿನ ಮೇಲೆ ಚೆಲ್ಲಿದ್ದ ನೀರಿನ ಹನಿಯನ್ನು ಬೆರಳಿನಿಂದ ಒರೆಸಿದಳು. ಆಮೇಲೆ ತನ್ನಷ್ಟಕ್ಕೆ ತಾನೇ ಲೆಕ್ಕ ಹಾಕುವವಳ ಹಾಗೆ ಕೇಳಿದಳು.

"ಹಾಗಾದ್ರೆ ಬಿಟ್ಬಿಡು ಅಂದಿದ್ದು ನೀನಲ್ವಾ?"

"ಅಲ್ಲಕ್ಕ."

"ಮತ್ತೆ ಇಷ್ಟು ದಿನ ನಾನು ಯಾರ ಹತ್ರ ಮಾತಾಡ್ತಿದ್ದೆ?"

ಬರೀ ಉಸಿರು. ಆದರೆ ಫ್ಯಾನು ಆರಿಸಿತ್ತು, ಕಿಟಕಿ ಮುಚ್ಚಿತ್ತು, ಅವಳು ಅವನಿಂದ ಒಂದು ಮೊಳ ದೂರದಲ್ಲಿ ಕೂತಿದ್ದಳು. ಅವನಿಗೆ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು.